ಮಳೆಗಾಲದ ಅತಿಥಿಗಳು ಮತ್ತು ಮನೆಯ ವಾಷಿಂಗ್ ಮೆಷಿನ್

ಪ್ರಶ್ನೆ: ಸೋಮವಾರಪೇಟೆ ಸಮೀಪದ ನಮ್ಮ ತೋಟದ ಮನೆಯಲ್ಲಿ ಮೂರು ಕೋಣೆಗಳನ್ನು ಹೋಂಸ್ಟೇಗೆ ಕೊಡುತ್ತೇವೆ. ಜೂನ್ ಬಂತೆಂದರೆ ಬಂದವರೆಲ್ಲ ‘ಆಂಟಿ, ಮೆಷಿನ್‌ಗೆ ಒಂದು ಲೋಡ್ ಹಾಕ್ಕೋಬಹುದಾ?’ ಎಂದು ಕೇಳುತ್ತಾರೆ. ಇಲ್ಲ ಎನ್ನಲು ಮನಸ್ಸು ಬರುವುದಿಲ್ಲ. ಹೂಂ ಅಂದರೆ ಒಂದಲ್ಲ ಒಂದು ರಗಳೆ. ನೊರೆ ಉಕ್ಕುತ್ತದೆ, ಮೆಷಿನ್ ನಡುವೆ ನಿಲ್ಲುತ್ತದೆ, ನಾವು ಬೆಡ್‌ಶೀಟು ಒಗೆಯುವ ಹೊತ್ತಿಗೇ ಅವರದೂ ಬರುತ್ತದೆ. ನಮ್ಮದು ಫ್ರಂಟ್ ಲೋಡ್, 7 ಕಿಲೋದ್ದು. ಆ ಕೋಣೆಗೆ ಬೀಗ ಹಾಕಿಬಿಡುವುದೇ ಸರಿಯೇ? ಕೊಡುವುದಾದರೆ ಹಣ ಕೇಳಬಹುದೇ?

ಉತ್ತರ: ಬೀಗ ಹಾಕಬೇಡಿ. ಕೊಡಗಿನ ಮಳೆಯಲ್ಲಿ ನಾಲ್ಕು ದಿನ ಉಳಿಯುವವರಿಗೆ ಒಣಗಿದ ಒಂದು ಜೊತೆ ಬಟ್ಟೆ ಬಿಸಿ ಊಟದಷ್ಟೇ ಮುಖ್ಯ. ಮೆಷಿನ್ ಸಿಗದಿದ್ದರೆ ಅವರು ಒಗೆಯುವುದನ್ನು ಬಿಡುವುದಿಲ್ಲ. ಬಾತ್‌ರೂಮಿನಲ್ಲೇ ಜಾಲಿಸಿ, ಅರೆಬರೆ ಹಿಂಡಿ, ನಿಮ್ಮ ಬೀಟೆ ಮರದ ಕುರ್ಚಿಯ ಮೇಲೆ, ಮಂಚದ ತಲೆಗಡೆ, ಕಿಟಕಿಯ ಸರಳಿಗೆ ಹರವುತ್ತಾರೆ. ಕುರ್ಚಿಯ ಪಾಲಿಶ್ ಬೆಳ್ಳಗಾಗುತ್ತದೆ, ಗೋಡೆಗೆ ಬೂಸ್ಟು ಹತ್ತುತ್ತದೆ. ಮೆಷಿನ್ ಕೊಟ್ಟರೆ ಆಗುವ ನಷ್ಟಕ್ಕಿಂತ ಇದು ದೊಡ್ಡದು. ಆದ್ದರಿಂದ ಕೊಡಿ, ಆದರೆ ಏರ್ಪಾಟು ಮಾಡಿಕೊಂಡು ಕೊಡಿ. ಅತಿಥಿಗಳ ಉಡಾಫೆಯಿಂದ ಮೆಷಿನ್ ಕೆಡುವುದು ಅಪರೂಪ. ತಮ್ಮ ಮನೆಯ ಮೆಷಿನ್ನಿನ ಅಭ್ಯಾಸವನ್ನು ಅವರು ನಿಮ್ಮದರ ಮೇಲೆ ನಡೆಸುತ್ತಾರೆ, ತೊಂದರೆ ಬರುವುದು ಅಲ್ಲಿಂದ. ಗೋಡೆಯ ತುಂಬ ‘ಹೀಗೆ ಮಾಡಬೇಡಿ’ ಎಂದು ಬರೆದು ಅಂಟಿಸಿದರೂ ಅಭ್ಯಾಸ ಬದಲಾಗದು. ತಪ್ಪುವ ಅವಕಾಶವನ್ನೇ ತೆಗೆದುಬಿಟ್ಟರೆ ಆಯಿತು.

ಮೊದಲು ನೊರೆ. ಬೆಂಗಳೂರಿನ ಬಹಳಷ್ಟು ಬಡಾವಣೆಗಳಲ್ಲಿ ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಒಂದಷ್ಟು ಪಾಲನ್ನು ತಿಂದುಬಿಡುವುದರಿಂದ ಅಲ್ಲಿಂದ ಬರುವವರಿಗೆ ಪುಡಿಯನ್ನು ಧಾರಾಳವಾಗಿ ಸುರಿದು ರೂಢಿಯಾಗಿರುತ್ತದೆ. ಮಲೆನಾಡಿನ ತೊರೆ, ಕೆರೆ, ಬಾವಿಯ ನೀರು ಹೆಚ್ಚಾಗಿ ಮೆದು. ಅದೇ ಅಳತೆಯ ಪುಡಿ ಇಲ್ಲಿ ತುಂಬ ಹೆಚ್ಚು ನೊರೆ ಕಟ್ಟುತ್ತದೆ. ಸಾಲದ್ದಕ್ಕೆ ಅವರು ಬ್ಯಾಗಿನಲ್ಲಿ ತಂದಿರುವ ಸ್ಯಾಶೆ ಬಹುಪಾಲು ಕೈಯಲ್ಲಿ ಒಗೆಯುವ ಪುಡಿ. ಅದು ಬಕೆಟ್ಟಿನಲ್ಲಿ ನೊರೆ ಬರಲೆಂದೇ ಮಾಡಿದ್ದು. ಫ್ರಂಟ್ ಲೋಡ್‌ನಲ್ಲಿ ಬಟ್ಟೆ ಮೇಲಕ್ಕೆ ಹೋಗಿ ಕೆಳಗೆ ಬೀಳುವ ಪೆಟ್ಟಿನಿಂದಲೇ ಕೊಳೆ ಬಿಡಬೇಕು. ಡ್ರಮ್ಮಿನ ತುಂಬ ನೊರೆಯಿದ್ದರೆ ಆ ಪೆಟ್ಟು ಬೀಳುವುದೇ ಇಲ್ಲ, ಕೊಳೆ ಉಳಿಯುತ್ತದೆ. ಈಗಿನ ಅನೇಕ ಮೆಷಿನ್‌ಗಳು ನೊರೆ ಹೆಚ್ಚಾದದ್ದನ್ನು ಗುರುತಿಸಿ ಸ್ಪಿನ್ ತಡೆಯುತ್ತವೆ, ಜಾಲಾಡುವುದನ್ನು ಮತ್ತೆ ಮತ್ತೆ ಮಾಡುತ್ತವೆ. ನಿಮ್ಮ ಮೆಷಿನ್ ‘ನಡುವೆ ನಿಲ್ಲುವುದಕ್ಕೆ’ ಒಂದು ಕಾರಣ ಇದೇ ಇರಬಹುದು.

ಹಾಗಾಗಿ ಸೋಪನ್ನು ನೀವೇ ಕೊಡಿ. ಫ್ರಂಟ್ ಲೋಡ್‌ಗೆಂದೇ ಬರುವ ದ್ರವವನ್ನು ಒಂದು ಲೋಡಿಗೆ ಬೇಕಾದಷ್ಟೇ ಅಳೆದು, ಪುಟ್ಟ ಬಾಟಲಿಗಳಲ್ಲಿ ತುಂಬಿ, ಮುಚ್ಚಳ ಬಿಗಿದು ಮಕ್ಕಳ ಕೈಗೆಟುಕದ ಕಡೆ ಇಡಿ. ಡಬ್ಬಿಯ ಮೇಲೆ ಬರೆದಿರುವುದಕ್ಕಿಂತ ಕಡಿಮೆ ಹಾಕಿ ನಿಮ್ಮ ನೀರಿಗೆ ಎಷ್ಟು ಸಾಕೆಂದು ಮೊದಲು ನೋಡಿಕೊಳ್ಳಿ. ‘ಸೋಪು ನಾವೇ ಕೊಡುತ್ತೇವೆ’ ಎಂದರೆ ಅತಿಥಿಗೆ ಅದು ಉಪಚಾರ, ನಿಮಗೆ ರಕ್ಷಣೆ. ಹಾಗಿದ್ದೂ ನೊರೆ ಉಕ್ಕಿದರೆ ಬಟ್ಟೆ ಮೆದುಮಾಡುವ ದ್ರವವನ್ನು ಒಂದು ಮುಚ್ಚಳ ಹಾಕಿ, ಬರಿ ಜಾಲಾಡುವ ಪ್ರೋಗ್ರಾಂ ಓಡಿಸಿ. ನೊರೆ ಇಳಿಯುತ್ತದೆ.

ಮೆಷಿನ್ ನಿಲ್ಲುವುದಕ್ಕೆ ಇನ್ನೂ ಎರಡು ಕಾರಣಗಳಿರಬಹುದು. ಒಂದು, ನೀರಿನ ಒತ್ತಡ. ನಲ್ಲಿಗಿಂತ 10 ಅಡಿ ಎತ್ತರದಲ್ಲಿ ಟ್ಯಾಂಕ್ ಇದ್ದರೆ ಸಿಗುವುದು ಸುಮಾರು 0.3 ಬಾರ್. ಕೆಲವು ಮೆಷಿನ್‌ಗಳಿಗೆ ಬೇಕಾದ ಕನಿಷ್ಠ ಒತ್ತಡವೇ ಅಷ್ಟು. ಬೆಳಿಗ್ಗೆ ಮೂರೂ ಕೋಣೆಯವರು ಸ್ನಾನಕ್ಕೆ ಇಳಿದ ಹೊತ್ತಿಗೆ ಮೆಷಿನ್‌ಗೆ ನೀರು ತುಂಬದೆ ಎರರ್ ತೋರಿಸುತ್ತದೆ. ಇನ್ನೊಂದು ಕಾರಣ, ಪ್ರೋಗ್ರಾಂ. ಹೆಸರು ನೋಡಿ ಯಾರೋ ‘ಇಕೋ’ ಒತ್ತುತ್ತಾರೆ. ಕೆಲವು ಮೆಷಿನ್‌ಗಳಲ್ಲಿ ಅದು ಮೂರು ಗಂಟೆ ಓಡುತ್ತದೆ. ಎರಡು ಗಂಟೆಯಾದರೂ ಮುಗಿಯಲಿಲ್ಲವೆಂದು ಸ್ವಿಚ್ ಆರಿಸುತ್ತಾರೆ, ಬಾಗಿಲು ತೆರೆಯುವುದಿಲ್ಲ, ಒಳಗೆ ನೀರು ನಿಂತಿರುತ್ತದೆ. ತಣ್ಣೀರಿನಲ್ಲಿ ಮುಕ್ಕಾಲು ಗಂಟೆಯೊಳಗೆ ಮುಗಿಯುವ ಒಂದು ಪ್ರೋಗ್ರಾಮನ್ನು ಆರಿಸಿ, ಆ ಗುರುತಿನ ಪಕ್ಕ ಕೆಂಪು ಸ್ಟಿಕರ್ ಹಚ್ಚಿ. ‘ಕೆಂಪು ಚುಕ್ಕೆಗೆ ತಿರುಗಿಸಿ, ಸ್ಟಾರ್ಟ್ ಒತ್ತಿ, ಡ್ರಮ್ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ’ ಎಂದರೆ ಸಾಕು. 7 ಕಿಲೋ ಎಂದರೆ ಒಣ ಬಟ್ಟೆಯ ತೂಕ, ಅದೂ ಹತ್ತಿಬಟ್ಟೆಯ ಪ್ರೋಗ್ರಾಮಿನಲ್ಲಿ. ಕಿರು ಪ್ರೋಗ್ರಾಮುಗಳಿಗೆ ಅದರ ಅರ್ಧವೇ ಜಾಸ್ತಿ.

ತಣ್ಣೀರು ಎಂದು ಒತ್ತಿ ಹೇಳುವುದು ಕರೆಂಟಿನ ಉಳಿತಾಯಕ್ಕಷ್ಟೇ ಅಲ್ಲ. ಮಳೆಯಲ್ಲಿ ಕೋಟೆಬೆಟ್ಟ ಹತ್ತಿ ಬಂದವರ, ಅಷ್ಟೇಕೆ, ನಿಮ್ಮ ಕಾಫಿ ತೋಟದಲ್ಲಿ ಒಂದು ಸುತ್ತು ಹಾಕಿ ಬಂದವರ ಕಾಲುಚೀಲದಲ್ಲೂ ಇಂಬಳ ಕಚ್ಚಿದ ರಕ್ತವಿರುತ್ತದೆ. ಬಿಸಿನೀರು ತಾಗಿದರೆ ರಕ್ತದ ಪ್ರೋಟೀನ್ ಗಟ್ಟಿಯಾಗಿ ಕಲೆ ನೂಲಿಗೆ ಕಚ್ಚಿಕೊಳ್ಳುತ್ತದೆ. ಕೆಸರಿನ ಬಟ್ಟೆಯೂ ನೇರ ಡ್ರಮ್ಮಿಗೆ ಹೋಗಬಾರದು. ಮೆಷಿನ್ನಿನ ಪಕ್ಕ ಒಂದು ನಲ್ಲಿ, ಬಕೆಟ್ಟು, ಕಲ್ಲು ಇರಲಿ, ಕೆಸರು ಅಲ್ಲಿ ಹೋಗಲಿ.

ಬೆಡ್‌ಶೀಟು, ರಗ್ಗು, ಟವೆಲುಗಳನ್ನು ಮಾತ್ರ ಅತಿಥಿಗಳಿಗೆ ಬಿಡಬೇಡಿ, ಅವು ನಿಮ್ಮ ಲೆಕ್ಕಕ್ಕೆ. ಒಂದೇ ಒಂದು ದಪ್ಪ ರಗ್ಗು ಹಾಕಿದರೆ ನೀರು ಕುಡಿದು ಒಂದು ಪಕ್ಕಕ್ಕೆ ಭಾರವಾಗಿ ಸ್ಪಿನ್ ಹೊತ್ತಿನಲ್ಲಿ ಮೆಷಿನ್ ಕುಣಿಯುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ದಯವಿಟ್ಟು ಗಮನಿಸಿ. ಮಗು ಹಾಸಿಗೆ ಒದ್ದೆ ಮಾಡಿದಾಗ, ಮುಟ್ಟಿನ ಕಲೆಯಾದಾಗ ಅತಿಥಿಗಳು ನಾಚಿಕೆಗೆ ರಾತ್ರೋರಾತ್ರಿ ತಾವೇ ಒಗೆಯಲು ಹೋಗುತ್ತಾರೆ, ಅದೂ ಬಿಸಿನೀರಿನಲ್ಲಿ. ಬಂದ ದಿನವೇ, ಕೋಣೆ ತೋರಿಸುವಾಗ, ‘ಶೀಟಿಗೆ ಏನಾದರೂ ಆದರೆ ಈ ಬಕೆಟ್ಟಿನಲ್ಲಿ ಹಾಕಿಡಿ, ಬೇರೆ ಶೀಟು ಕಪಾಟಿನಲ್ಲಿದೆ’ ಎಂದು ಸಹಜವಾಗಿ ಹೇಳಿಬಿಡಿ. ನಿಮ್ಮ ಶೀಟೂ ಉಳಿಯುತ್ತದೆ, ಅವರ ಮಾನವೂ.

ಇನ್ನು ಒಣಗಿಸುವುದು. ನನ್ನ ಪ್ರಕಾರ ನಿಮ್ಮ ಪ್ರಶ್ನೆಯ ನಿಜವಾದ ಭಾರ ಇರುವುದು ಇಲ್ಲಿ. ನಿಮಿಷಕ್ಕೆ 1000 ಸುತ್ತಿನ ಸ್ಪಿನ್ ಆದ ಮೇಲೂ ಹತ್ತಿಬಟ್ಟೆಯಲ್ಲಿ ತನ್ನ ತೂಕದ ಅರ್ಧಕ್ಕಿಂತ ಹೆಚ್ಚು ನೀರು ಉಳಿದಿರುತ್ತದೆ. ಮೂರು ಕಿಲೋ ಬಟ್ಟೆ ಎಂದರೆ ಒಂದೂವರೆ ಲೀಟರಿಗೂ ಮೇಲೆ. ಅತಿಥಿ ಅದನ್ನು ಕೋಣೆಯೊಳಗೆ ಹರವಿದರೆ ಅಷ್ಟೂ ನೀರು ಗಾಳಿಗೆ, ಗೋಡೆಗೆ, ಹಾಸಿಗೆಗೆ ಸೇರುತ್ತದೆ. ಜುಲೈ ತಿಂಗಳ ಗಾಳಿಗೆ ಅದನ್ನು ಹೀರುವ ಶಕ್ತಿ ಇರುವುದಿಲ್ಲ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಬಚ್ಚಲ ಹಂಡೆಯ ಒಲೆಯ ಮೇಲೆ ಬಿದಿರ ಗಳ ಕಟ್ಟಿ ಬಟ್ಟೆ ಹಾಕುತ್ತಿದ್ದರು. ಹೊಗೆಯ ವಾಸನೆ ಹಿಡಿದರೂ ಬಟ್ಟೆ ಒಣಗುತ್ತಿತ್ತು. ಇಂದಿಗೆ ಒಪ್ಪುವ ಉಪಾಯವೆಂದರೆ ಮುಚ್ಚಿದ ಒಂದು ಸಣ್ಣ ಕೋಣೆ, ಅದರಲ್ಲಿ ಸ್ಟ್ಯಾಂಡು, ಒಂದು ಫ್ಯಾನು, ಒಂದು ಡಿಹ್ಯೂಮಿಡಿಫೈಯರ್. ಅದು ಗಾಳಿಯ ತೇವವನ್ನು ಹಿಡಿದು ತನ್ನ ತೊಟ್ಟಿಗೆ ಇಳಿಸುತ್ತದೆ. ಕರೆಂಟು ಡ್ರೈಯರಿಗಿಂತ ಬಹಳ ಕಡಿಮೆ ಸಾಕು, ಬಟ್ಟೆ ಸುಕ್ಕಾಗುವುದಿಲ್ಲ, ಯಾರಿಗೂ ಏನೂ ಕಲಿಸಬೇಕಾಗಿಲ್ಲ.

ಡ್ರೈಯರನ್ನೇ ತರುವುದಾದರೆ ಅದಕ್ಕೆ 16 ಆಂಪಿಯರ್‌ನ ಸಾಕೆಟ್, ಪ್ರತ್ಯೇಕ ಲೈನು, ಒಳ್ಳೆಯ ಅರ್ತಿಂಗ್ ಬೇಕೇಬೇಕು. ಸಾಮಾನ್ಯ ಡ್ರೈಯರ್ 2000 ವ್ಯಾಟ್ ಅಥವಾ ಹೆಚ್ಚು ಎಳೆಯುತ್ತದೆ, ಹೀಟ್ ಪಂಪ್ ಇರುವುದು ಅದರ ಅರ್ಧದಷ್ಟು ಕರೆಂಟಿನಲ್ಲಿ ಕೆಲಸ ಮುಗಿಸುತ್ತದೆ, ಬೆಲೆ ಜಾಸ್ತಿ. ನಾರಿನ ಜಾಲರಿಯನ್ನು ಪ್ರತಿ ಸಲವೂ ನಿಮ್ಮ ಕೈಯಿಂದಲೇ ತೆಗೆದು ಸ್ವಚ್ಛಮಾಡಿ. ಎಣ್ಣೆ ಹಚ್ಚಿ ಒರೆಸಿಕೊಂಡ ಟವೆಲುಗಳನ್ನು ಅದಕ್ಕೆ ಹಾಕಲೇಬಾರದು. ಒಗೆದರೂ ಹತ್ತಿಯಲ್ಲಿ ಉಳಿಯುವ ಅಡುಗೆ ಎಣ್ಣೆ, ಮಸಾಜಿನ ಎಣ್ಣೆ ಡ್ರೈಯರಿನ ಬಿಸಿಗೆ ಗಾಳಿಯ ಆಮ್ಲಜನಕದೊಡನೆ ಸೇರಿ ತನ್ನಷ್ಟಕ್ಕೆ ಕಾವೇರುತ್ತದೆ. ಬಿಸಿಬಿಸಿಯಾಗಿ ಮಡಿಸಿ ರಾಶಿ ಹಾಕಿದ ಟವೆಲುಗಳು ಗಂಟೆಗಳ ನಂತರ ಹೊತ್ತಿಕೊಳ್ಳುವುದುಂಟು. ಎಣ್ಣೆಸ್ನಾನದ ಸೌಕರ್ಯ ಕೊಡುವ ಹೋಂಸ್ಟೇಯವರು ಇದನ್ನು ತಿಳಿದಿರಲೇಬೇಕು.

ಹೊತ್ತಿನ ತಕರಾರಿಗೆ ಪರಿಹಾರ ಸುಲಭ. ಕೋಣೆ ಖಾಲಿಯಾಗುವ ಬೆಳಗಿನಿಂದ ಮಧ್ಯಾಹ್ನ ಎರಡರವರೆಗೆ ಮೆಷಿನ್ ಮನೆಯದು, ಎರಡರಿಂದ ರಾತ್ರಿ ಎಂಟರವರೆಗೆ ಅತಿಥಿಗಳದು. ಇದನ್ನು ಬುಕಿಂಗ್ ಖಚಿತಪಡಿಸುವ ಮೆಸೇಜಿನಲ್ಲೇ ತಿಳಿಸಿ. ಅವರ ಬಟ್ಟೆಯನ್ನು ನೀವು ಒಗೆದುಕೊಡುವುದಕ್ಕೆ ಒಪ್ಪಬೇಡಿ. ಬಣ್ಣ ಬಿಟ್ಟರೆ, ಹರಿದರೆ ಹೊಣೆ ನಿಮ್ಮ ತಲೆಗೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮಲ್ಲಿ ಕೆಲಸಕ್ಕೆ ಬರುವ ಹೆಂಗಸಿನ ಮೇಲೆ ಅಪರಿಚಿತರ ಒಳಉಡುಪು, ಕೆಸರಿನ ಕಾಲುಚೀಲ ಹೊರಿಸುವುದು ಅನ್ಯಾಯ. ಆಕೆಗೆ ಒಪ್ಪಿಗೆಯಿದ್ದರೆ ಬೇರೆ ಮಾತು. ಆಗ ಒಗೆತದ ಹಣ ಪೂರ್ತಿ ಆಕೆಯ ಕೈಗೆ ಹೋಗಲಿ.

ಅತಿಥಿಗಳೊಡನೆ ಪುಟ್ಟ ಮಕ್ಕಳಿದ್ದರೆ ಮೆಷಿನ್ ಕೋಣೆಯ ಬಾಗಿಲಿಗೆ ಎತ್ತರದಲ್ಲಿ ಚಿಲಕವಿರಲಿ. ಬಹಳ ಮೆಷಿನ್‌ಗಳಲ್ಲಿ ಚೈಲ್ಡ್ ಲಾಕ್ ಗುಂಡಿಗಳನ್ನಷ್ಟೇ ಕಟ್ಟಿಹಾಕುತ್ತದೆ, ಖಾಲಿ ಡ್ರಮ್ಮಿನೊಳಗೆ ಮಗು ತೂರುವುದನ್ನು ತಡೆಯುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಪ್ಲಗ್ ಕಿತ್ತಿಡಿ. ಅತಿಥಿಗಳು ಹೋದ ಮೇಲೆ ಕೆಳಗಿನ ಡ್ರೈನ್ ಫಿಲ್ಟರ್ ಬಿಚ್ಚಿ ನೋಡಿ. ನಾಣ್ಯ, ಹೇರ್‌ಪಿನ್, ಮರಳು ಸಿಗುವುದು ಅಲ್ಲೇ.

ಹಣದ ಪ್ರಶ್ನೆ. ತಣ್ಣೀರಿನ ಕಿರು ಪ್ರೋಗ್ರಾಮಿಗೆ ಅರ್ಧ ಯೂನಿಟ್ ಕರೆಂಟೂ ಹೋಗುವುದಿಲ್ಲ, ನೀರು ಸುಮಾರು ಐವತ್ತು ಲೀಟರ್. ಇಷ್ಟಕ್ಕೆ ಲೆಕ್ಕ ಹಾಕಿ ಕೇಳಿದರೆ ಅತಿಥಿಗೂ ನಿಮಗೂ ಮುಜುಗರ. ಮೂರು ರಾತ್ರಿ ಅಥವಾ ಹೆಚ್ಚು ಉಳಿಯುವವರಿಗೆ ಒಂದು ಲೋಡ್ ಬಾಡಿಗೆಯಲ್ಲೇ ಸೇರಿರಲಿ. ಒಂದೇ ರಾತ್ರಿಗೆ ಬಂದು ಇಡೀ ಪ್ರವಾಸದ ಮೂಟೆ ಬಿಚ್ಚುವವರಿಗೆ, ಡ್ರೈಯರ್ ಬೇಕೆನ್ನುವವರಿಗೆ ಲೋಡಿಗಿಷ್ಟು ಎಂದು ಮುಂಚೆಯೇ ಬರೆದಿಡಿ. ಇದಕ್ಕೆಂದು ಡಿಪಾಸಿಟ್ ಮಾತ್ರ ಕೇಳಬೇಡಿ. ವರ್ಷಕ್ಕೊಮ್ಮೆ ರಬ್ಬರ್ ಗ್ಯಾಸ್ಕೆಟ್ಟೋ ಪಂಪೋ ಹೋಗುವುದು ಹೋಂಸ್ಟೇ ನಡೆಸುವವರ ಖರ್ಚಿನಲ್ಲಿ ಬರುವ ಬಾಬತ್ತು. ಅದನ್ನು ಕೋಣೆಯ ಬಾಡಿಗೆ ನಿಗದಿ ಮಾಡುವಾಗಲೇ ಸೇರಿಸಿಕೊಳ್ಳಿ.