ಕೂಸಿನ ಕತ್ತು ಒಂದೇ ಕಡೆ ವಾಲುತ್ತಿದೆಯೇ?

ತಿಂಗಳೆರಡು ತುಂಬಿದ ಕೂಸು ಯಾವಾಗ ನೋಡಿದರೂ ತಲೆಯನ್ನು ಒಂದು ಕಡೆ ವಾಲಿಸಿ, ಮುಖವನ್ನು ಇನ್ನೊಂದು ಕಡೆ ತಿರುಗಿಸಿಕೊಂಡಿದ್ದರೆ ‘ಬೆಳೀತಾ ಸರಿಹೋಗುತ್ತೆ’ ಎಂದು ಕಾಯಬೇಡಿ. ಕಿವಿಯ ಹಿಂದಿನಿಂದ ಎದೆಮೂಳೆಗೆ ಇಳಿಯುವ ಸ್ನಾಯು ಬಿಗಿದಿರಬಹುದು. ವೈದ್ಯರು ಇದನ್ನು ಟಾರ್ಟಿಕೊಲಿಸ್ ಎನ್ನುತ್ತಾರೆ. ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಇಂಥ ಕೆಲವು ಮಕ್ಕಳಿಗೆ ಸೊಂಟದ ಕೀಲಿನ ತೊಂದರೆಯೂ ಇರುತ್ತದೆ, ಅದನ್ನೂ ನೋಡಲು ಹೇಳಿ. ಮೊದಲ ತಿಂಗಳುಗಳಲ್ಲೇ ಫಿಸಿಯೋಥೆರಪಿ ಶುರುವಾದರೆ ಹೆಚ್ಚಿನ ಮಕ್ಕಳಿಗೆ ಆಪರೇಷನ್ ಬೇಕಾಗುವುದಿಲ್ಲ.

ಬಲಗಡೆ ಸ್ನಾಯು ಬಿಗಿದು, ತಲೆ ಬಲಕ್ಕೆ ವಾಲಿ ಗದ್ದ ಎಡಕ್ಕೆ ತಿರುಗಿದೆ ಎಂದುಕೊಳ್ಳೋಣ. ಎಡಗಡೆಯದಾದರೆ ಮುಂದಿನದೆಲ್ಲ ತಿರುವುಮುರುವು.

ಕೂಸನ್ನು ಅಂಗಾತ ಮಲಗಿಸಿ. ಒಂದು ಕೈಯಲ್ಲಿ ಬಲ ಭುಜ ಹಿಡಿದು, ಇನ್ನೊಂದು ಕೈಯಿಂದ ಎಡಗಿವಿ ಎಡ ಭುಜದತ್ತ ಬರುವಂತೆ ತಲೆಯನ್ನು ಮೆಲ್ಲಗೆ ಬಾಗಿಸಿ. ಆಮೇಲೆ, ಭುಜ ಏಳದಂತೆ ನೋಡಿಕೊಂಡು, ಗದ್ದವನ್ನು ಬಲ ಭುಜದ ಕಡೆ ತಿರುಗಿಸಿ. ಪ್ರತಿ ಸಲ 10ರಿಂದ 30 ಸೆಕೆಂಡ್ ಸಾಕು. ಬಟ್ಟೆ ಬದಲಿಸುವಾಗಲೆಲ್ಲ ಮಾಡಿದರೆ ಮರೆಯುವುದಿಲ್ಲ. ಆದರೆ ಮೊದಲ ಸಲ ಫಿಸಿಯೋಥೆರಪಿಸ್ಟ್ ಎದುರಿಗೇ ಮಾಡಿ ಕಲಿಯಿರಿ. ಕೂಸು ಜೋರಾಗಿ ಅತ್ತರೆ, ಉಸಿರಾಟ ಅಥವಾ ಮುಖದ ಬಣ್ಣ ಬದಲಾದರೆ ಕೂಡಲೇ ಬಿಟ್ಟುಬಿಡಿ. ಎಣ್ಣೆ ನೀರು ಹಾಕುವ ಅಜ್ಜಿಗೂ ಒಂದು ಮಾತು ಹೇಳಿಡಿ: ಕತ್ತು ಎಳೆದು ನೆಟ್ಟಗೆ ಮಾಡುವ ಉಮೇದು ಬೇಡ.

ನಿಜವಾದ ಕೆಲಸ ಆಗುವುದು ದಿನದ ಉಳಿದ ಹೊತ್ತಿನಲ್ಲಿ. ಗೋಡೆ ಕೂಸಿನ ಎಡಕ್ಕೂ, ಕಿಟಕಿ ಮತ್ತು ಮನೆಮಂದಿ ಬಲಕ್ಕೂ ಇರುವಂತೆ ಮಲಗಿಸಿ. ಗಿಲಕಿ ಆಡಿಸುವುದು, ಮಾತಾಡಿಸುವುದು, ಹಾಲು ಕುಡಿಸುವುದು ಎಲ್ಲವೂ ಬಲಗಡೆಯಿಂದ. ಎಚ್ಚರವಿದ್ದಾಗ ನಿಮ್ಮ ಎದೆಯ ಮೇಲೋ ಚಾಪೆಯ ಮೇಲೋ ಬೋರಲು ಹಾಕಿ, ಕಣ್ಣು ತೆಗೆಯದೆ ಪಕ್ಕದಲ್ಲೇ ಕೂತಿರಿ. ಶುರುವಿಗೆ ಒಂದೆರಡು ನಿಮಿಷ ಸಾಕು. ಇನ್ನೂ ಅಂಬೆಗಾಲಿಡದ ಕೂಸಿಗೆ ದಿನಕ್ಕೆ ಒಟ್ಟು 30 ನಿಮಿಷವಾದರೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕತ್ತಿಗೆ ಬಲ ಬರುವುದು ಇದರಿಂದಲೇ.

ನಿದ್ದೆ ಮಾತ್ರ ಅಂಗಾತವೇ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ. ಸೀರೆ ಜೋಲಿಯಲ್ಲಿ ಗಂಟೆಗಟ್ಟಲೆ ಬಿಡಬೇಡಿ, ತಲೆ ಒಂದೇ ಕಡೆ ಒರಗುತ್ತದೆ. ತಲೆ ದುಂಡಗಾಗಲಿ ಎಂದು ಇಡುವ ಸಾಸಿವೆ ದಿಂಬೂ ಬೇಡ.

ಚೆನ್ನಾಗಿದ್ದ ಕೂಸಿನ ಕತ್ತು ಇದ್ದಕ್ಕಿದ್ದಂತೆ ವಾಲಿದರೆ, ಜೊತೆಗೆ ಜ್ವರ, ವಾಂತಿ ಅಥವಾ ವಿಪರೀತ ಮಂಪರು ಕಂಡರೆ ಯಾವ ವ್ಯಾಯಾಮವನ್ನೂ ಮಾಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.