ತೊಡೆಮೂಳೆ ಮುರಿದಾಗ ನೋಡಬೇಕಾದ್ದು, ಬರೆಯಬೇಕಾದ್ದು

1. ಮೊದಲು ರಕ್ತ, ಆಮೇಲೆ ಮೂಳೆ. ಬೈಕ್ ಅಪಘಾತದಲ್ಲಿ ತೊಡೆಮೂಳೆಯ ನಡುಭಾಗ ಮುರಿದರೆ, ಹೊರಗೆ ಒಂದು ಹನಿ ಕಾಣದಿದ್ದರೂ ತೊಡೆಯೊಳಗೇ ಒಂದರಿಂದ ಒಂದೂವರೆ ಲೀಟರ್ ರಕ್ತ ಸೋರಿರಬಹುದು. ನಾಡಿ, ಬಿಪಿ ನೋಡಿ, ಡ್ರಿಪ್ ಹಾಕಿ, ಥಾಮಸ್ ಸ್ಪ್ಲಿಂಟ್ ಕಟ್ಟಿದ ಮೇಲೆಯೇ ಎಕ್ಸ್‌ರೇ ಕೋಣೆ. 19ನೇ ಶತಮಾನದ ಈ ಸಾದಾ ಕಬ್ಬಿಣದ ಚೌಕಟ್ಟು ಮೊದಲ ಮಹಾಯುದ್ಧದಲ್ಲಿ ಎಷ್ಟೋ ಸೈನಿಕರನ್ನು ಉಳಿಸಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಅದು ಕೈಗೆ ಸಿಗುವ ಜಾಗದಲ್ಲಿರಬೇಕು.

2. ಎಕ್ಸ್‌ರೇಯಲ್ಲಿ ಸೊಂಟದ ಕೀಲೂ ಬರಲಿ, ಮೊಣಕಾಲೂ ಬರಲಿ. ನಡುಭಾಗದ ದೊಡ್ಡ ಮುರಿತ ಕಣ್ಣು ಸೆಳೆದುಬಿಡುತ್ತದೆ. ಅದೇ ಮೂಳೆಯ ಕತ್ತಿನಲ್ಲಿರುವ ಸಣ್ಣ ಬಿರುಕು ತಪ್ಪಿಹೋಗುತ್ತದೆ. ಕತ್ತು ಸರಿದರೆ ಮೂಳೆಯ ತಲೆಗೆ ಹೋಗುವ ರಕ್ತ ನಿಂತು ಆ ತಲೆ ಸಾಯಬಹುದು.

3. ಬಚ್ಚಲಲ್ಲಿ ಜಾರಿದ ಅಜ್ಜಿಯ ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ವಾಲಿದ್ದರೆ ಸೊಂಟದ ಬಳಿ ಮುರಿದಿದೆ ಎಂದೇ ಹಿಡಿಯಿರಿ. ಎಕ್ಸ್‌ರೇ ಚೆನ್ನಾಗಿದ್ದೂ ಕಾಲೂರಲು ಆಗದಿದ್ದರೆ ಎಂಆರ್‌ಐ ಮಾಡಿಸಿ. "ವಯಸ್ಸಾಯ್ತಲ್ಲ ಡಾಕ್ಟ್ರೇ, ಆಪರೇಷನ್ ಬೇಡ, ಮಲಗಿರಲಿ ಬಿಡಿ" ಎನ್ನುವ ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ. ಅವರನ್ನು ಕೂರಿಸಿಕೊಂಡು ಬಿಡಿಸಿ ಹೇಳಬೇಕು: ಹಾಸಿಗೆ ಹಿಡಿದರೆ ನ್ಯುಮೋನಿಯಾ, ಬೆನ್ನುಹುಣ್ಣು, ಕಾಲಿನಲ್ಲಿ ಹೆಪ್ಪುಗಟ್ಟುವ ರಕ್ತ ಪ್ರಾಣಕ್ಕೇ ಎರವಾಗುತ್ತವೆ. 48 ಗಂಟೆಯೊಳಗೆ ಆಪರೇಷನ್ ಮಾಡಿ, ಸಾಧ್ಯವಾದರೆ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುವುದೇ ಅಜ್ಜಿಗೆ ಮಾಡುವ ನಿಜವಾದ ಉಪಚಾರ.

4. ದೊಡ್ಡವರ ನಡುಭಾಗದ ಮುರಿತಕ್ಕೆ ಮೂಳೆಯೊಳಗೆ ರಾಡ್, ಚಿಕ್ಕ ಮಕ್ಕಳಿಗೆ ಹೆಚ್ಚಾಗಿ ಸೊಂಟದಿಂದ ಕಾಲಿನವರೆಗಿನ ಪ್ಲಾಸ್ಟರ್. ಮೊದಲ ಮೂರು ದಿನ ಉಸಿರುಕಟ್ಟುವಿಕೆ, ಗೊಂದಲದ ಮಾತು ಕಂಡರೆ ಮಜ್ಜೆಯ ಕೊಬ್ಬು ರಕ್ತಕ್ಕೆ ಸೇರಿರಬಹುದೆಂದು ಶಂಕಿಸಿ.

5. ಕೇಸ್ ಶೀಟಿನಲ್ಲಿ "ಫ್ರಾಕ್ಚರ್ ಫೀಮರ್" ಎಂದಷ್ಟೇ ಗೀಚಿದರೆ ಸಾಲದು. ರೋಗಗಳಿಗೆ ಕೋಡ್ ಕೊಡುವ ಅಂತರರಾಷ್ಟ್ರೀಯ ಪಟ್ಟಿ ಐಸಿಡಿ-10ರಲ್ಲಿ ತೊಡೆಮೂಳೆ ಮುರಿತ ಎಸ್72, ಕತ್ತಿಗೆ ಎಸ್72.0, ನಡುಭಾಗಕ್ಕೆ ಎಸ್72.3, ಮೊಣಕಾಲ ಬಳಿಯ ತುದಿಗೆ ಎಸ್72.4. ಬೆಂಗಳೂರಿನಲ್ಲಿ ಕೂತು ಅಮೆರಿಕದ ರೋಗಿಗಳ ದಾಖಲೆಗೆ ಕೋಡ್ ಹಾಕುವ ನಮ್ಮ ಹುಡುಗ ಹುಡುಗಿಯರಿಗೆ ಅಲ್ಲಿನ ನಿಯಮ ಗೊತ್ತು: ಗಾಯ ತೆರೆದಿದೆಯೋ ಇಲ್ಲವೋ ಎಂದು ವೈದ್ಯರು ಬರೆಯದಿದ್ದರೆ ಅದು ಮುಚ್ಚಿದ ಮುರಿತ. ಹಾಗಾಗಿ ಮೂಳೆ ಹೊರಬಂದು, ತಕ್ಷಣ ಆ್ಯಂಟಿಬಯಾಟಿಕ್ ಕೊಟ್ಟು, ತೊಳೆದು, ವಾರಗಟ್ಟಲೆ ಆರೈಕೆ ಮಾಡಿದ ರೋಗಿಯೂ ಕಾಗದದಲ್ಲಿ ಸಾಧಾರಣ ಕೇಸಾಗುತ್ತಾನೆ. ಅಮೆರಿಕದ ಕೋಡಿನ ಏಳನೆಯ ಅಕ್ಷರ 'ಎ' ಎಂದರೆ ಬರೀ ಮೊದಲ ಭೇಟಿಯಲ್ಲ, ಮುಚ್ಚಿದ ಮುರಿತಕ್ಕೆ ಸಕ್ರಿಯ ಚಿಕಿತ್ಸೆ ನಡೆದಿದೆ ಎಂದು. ಹೊಸಬರು ಇಲ್ಲೇ ಎಡವುವುದು.

6. ಮೂಳೆ ಸವೆತವಿರುವ ಅಜ್ಜಿ ನಿಂತಲ್ಲೇ ಕುಸಿದು ಮುರಿದುಕೊಂಡರೆ ಕೋಡ್ ಎಸ್72 ಅಲ್ಲ, ಸವೆತದಿಂದಾದ ಮುರಿತದ ಎಂ80. ಇದು ಬರೀ ಬಿಲ್ಲಿನ ಮಾತಲ್ಲ. ಸವೆತದ ಹೆಸರು ದಾಖಲೆಯಲ್ಲಿದ್ದರೆ ಅದಕ್ಕೂ ಔಷಧಿ ಶುರುವಾಗುತ್ತದೆ. ಇಲ್ಲದಿದ್ದರೆ ಇನ್ನೊಂದು ಸೊಂಟವೂ ಮುರಿದು ಅದೇ ವಾರ್ಡಿಗೆ ಬರಬಹುದು. ಕಿರಿಯ ವೈದ್ಯರೇ, ಡಿಸ್ಚಾರ್ಜ್ ಸಮ್ಮರಿಗೆ ಸಹಿ ಹಾಕುವ ಮುನ್ನ ಯಾವ ಕಾಲು, ಯಾವ ಭಾಗ, ಗಾಯವಿತ್ತೇ, ಹೇಗೆ ಬಿದ್ದರು, ಮೂಳೆ ಸವೆದಿದೆಯೇ ಎಂಬುದನ್ನು ದಯವಿಟ್ಟು ಬಿಡಿಸಿ ಬರೆಯಿರಿ.