ಮೂರು ತಾಸಿನ ಕ್ಯಾಸೆಟ್ಟನ್ನು ಬೇರೆ ಬೇರೆ ಫೈಲ್ ಮಾಡುವುದು ಹೇಗೆ?

ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆ ಬಹಳಷ್ಟು ಮನೆಗಳ ತಿಜೋರಿಯಲ್ಲಿ ಒಂದಾದರೂ ಹಳೇ ಮದುವೆ ಕ್ಯಾಸೆಟ್ ಇರುತ್ತೆ. ಈಗ ಯುಎಸ್‌ಬಿ ಕ್ಯಾಪ್ಚರ್ ಡಿವೈಸ್ ಹಾಕಿ ಅದನ್ನ ಕಂಪ್ಯೂಟರಿಗೆ ಇಳಿಸೋದು ಕಷ್ಟ ಅಲ್ಲ. ಆದರೆ ಕೊನೆಗೆ ಸಿಗೋದು ಮೂರು ತಾಸಿನ ಒಂದೇ ದೊಡ್ಡ ಫೈಲ್. ಅದನ್ನ ಯಾರೂ ಪೂರ್ತಿ ನೋಡೋದಿಲ್ಲ. ಆದ್ದರಿಂದ ಈ ಪಾಠ ಕ್ಯಾಪ್ಚರ್ ಆದಮೇಲಿನ ಕೆಲಸದ ಬಗ್ಗೆ.

ಯಾಕೆ ತುಂಡು ಮಾಡಬೇಕು?

ಉದಾಹರಣೆಗೆ 1996ರಲ್ಲಿ ಹಳೇ ಬಾಗಲಕೋಟೆಯಲ್ಲಿ ಆದ ಒಂದು ಮದುವೆ ಅಂದುಕೊಳ್ಳಿ. ಅಕ್ಕಿಕಾಳು, ಆಯೇರಿ, ಊಟದ ಪಂಕ್ತಿ ಎಲ್ಲಾ ಇದೆ. ನಡುವೆ ಎರಡು ನಿಮಿಷ ಮೆರವಣಿಗೆ, ಅದರ ಹಿಂದೆ ಓಣಿ, ಅಂಗಡಿ, ಮನೆ ಕಟ್ಟೆ ಮೇಲೆ ಕೂತ ಜನ. ಆಮೇಲೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭಾ ನದಿಯಲ್ಲಿ ಏರಿತು. ಹಳೇ ಊರಿನ ತಗ್ಗು ಭಾಗ ಮುಳುಗಿ, ಜನ ನವನಗರಕ್ಕೆ ಬಂದರು. ಆ ಓಣಿ ಮುಳುಗಡೆಯಲ್ಲಿ ಹೋಗಿದ್ದರೆ, ಅದು ಉಳಿದಿರೋದು ಈ ಎರಡು ನಿಮಿಷದಲ್ಲಿ ಮಾತ್ರ. ಬೇರೆ ಫೈಲ್ ಆಗಿ, ಹೆಸರು ಇಟ್ಟುಕೊಂಡು ಇದ್ದರೆ ಅದು ಸಿಗುತ್ತೆ. ಇಲ್ಲದಿದ್ದರೆ ಇದ್ದೂ ಇಲ್ಲದ ಹಾಗೆ.

ಇನ್ನೊಂದು ಕಾರಣ ಲೆಕ್ಕದ್ದು. 6 ಎಂಬಿಪಿಎಸ್ ವೇಗದಲ್ಲಿ ಕ್ಯಾಪ್ಚರ್ ಮಾಡಿದರೆ ಮೂರು ತಾಸಿಗೆ ಸುಮಾರು 8 ಜಿಬಿ ಆಗುತ್ತೆ. ಫ್ಯಾಟ್‌32 ಪೆನ್‌ಡ್ರೈವ್‌ನಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಅಂದ್ರೆ ಬೀಗರಿಗೆ ಕಾಪಿ ಕೊಡೋಕೂ ಆಗಲ್ಲ.

ಟೇಪ್ ಯಾವುದು ಅಂತ ಮೊದಲು ನೋಡಿ

ಮಿನಿಡಿವಿ ಟೇಪ್ ಆದರೆ ನಿಮ್ಮ ನಸೀಬು ಚಲೋ. ಅದರಲ್ಲಿ ಚಿತ್ರದ ಜೊತೆಗೇ ಶೂಟ್ ಮಾಡಿದ ದಿನಾಂಕ, ವೇಳೆ ದಾಖಲಾಗಿರುತ್ತೆ. ಕ್ಯಾಮೆರಾ ನಿಲ್ಲಿಸಿ ಮತ್ತೆ ಶುರು ಮಾಡಿದಲ್ಲಿ ವೇಳೆ ಜಿಗಿಯುತ್ತೆ. ವಿನ್‌ಡಿವಿ ಥರದ ಸಾಫ್ಟ್‌ವೇರ್ ಆ ಜಿಗಿತ ನೋಡಿ ಕ್ಯಾಪ್ಚರ್ ಮಾಡುವಾಗಲೇ ಬೇರೆ ಬೇರೆ ಫೈಲ್ ಮಾಡಿಬಿಡುತ್ತೆ. ತಾಸಿಗೆ ಸುಮಾರು 13 ಜಿಬಿ ಬೇಕು, ಅಷ್ಟೇ.

ವಿಎಚ್‌ಎಸ್ ಕ್ಯಾಸೆಟ್‌ನಲ್ಲಿ ಈ ಮಾಹಿತಿ ಇರೋದಿಲ್ಲ. ಮೂಲೆಯಲ್ಲಿ ದಿನಾಂಕ ಕಂಡರೂ ಅದು ಚಿತ್ರದ ಭಾಗ, ಸಾಫ್ಟ್‌ವೇರ್‌ಗೆ ಅದು ಬರೀ ಬೆಳಕಿನ ಚುಕ್ಕೆ. ಹಾಗಾಗಿ ಚಿತ್ರ ನೋಡಿಯೇ ಕತ್ತರಿಸಬೇಕು.

ಸಾಫ್ಟ್‌ವೇರ್ ಎಲ್ಲಿ ಎಡವುತ್ತೆ

ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಸೀನ್ ಕಟ್ ಡಿಟೆಕ್ಷನ್ ಇದೆ. ಒಂದು ಫ್ರೇಮಿಗೂ ಮುಂದಿನದಕ್ಕೂ ಎಷ್ಟು ವ್ಯತ್ಯಾಸ ಅಂತ ಅಳೆದು, ಜಾಸ್ತಿ ಇದ್ದಲ್ಲಿ ಕಟ್ ಅಂತ ಗುರುತು ಹಾಕುತ್ತೆ. ನಮ್ಮ ಕಡೆಯ ವಿಡಿಯೋಗಳಲ್ಲಿ ಇದು ಮೂರು ಕಡೆ ತಪ್ಪುತ್ತೆ:

1. ಫೋಟೋಗ್ರಾಫರ್ ಫ್ಲ್ಯಾಶ್ ಹೊಡೆದಾಗ ಪರದೆ ಬಿಳಿ ಆಗುತ್ತೆ. ಅಲ್ಲಿ ಕಟ್ ಇಲ್ಲದಿದ್ದರೂ ಇದೆ ಅನ್ನುತ್ತೆ. ಅಕ್ಕಿಕಾಳಿನ ಹೊತ್ತಿನಲ್ಲಂತೂ ಕೇಳಲೇಬೇಡಿ.

2. ಹೃದಯ, ಗುಲಾಬಿ ಹೂವು ಹಾಕಿ ನಿಧಾನ ಬದಲಾಗುವ ದೃಶ್ಯದಲ್ಲಿ ಕಟ್ ಇದ್ದರೂ ಬಿಟ್ಟುಬಿಡಬಹುದು.

3. ಬಾದಾಮಿ ಮೇಣಬಸದಿಗಳಲ್ಲಿ ಬಿಸಿಲಿನಿಂದ ಒಳಗೆ ಕಾಲಿಟ್ಟ ತಕ್ಷಣ ಚಿತ್ರ ಕಪ್ಪಾಗಿ ಆಮೇಲೆ ತಿಳಿಯಾಗುತ್ತೆ. ಅದನ್ನೂ ಹೊಸ ದೃಶ್ಯ ಅಂತ ತಿಳಿಯಬಹುದು.

ಇದಕ್ಕಿಂತ ದೊಡ್ಡ ತೊಂದರೆ ಕಟ್ಟೇ ಇಲ್ಲದ ವಿಡಿಯೋ. ಇಳಕಲ್‌ನಲ್ಲಿ ಮಗ್ಗದ ಮುಂದೆ ಕ್ಯಾಮೆರಾ ಇಟ್ಟು ನಲವತ್ತು ನಿಮಿಷ ಬಿಟ್ಟಿದ್ದಾರೆ ಅನ್ನಿ. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸಿನ ಎಳೆಗಳನ್ನು ಒಡಲಿನ ಹಾಸಿನ ಎಳೆಗಳಿಗೆ ಕೊಂಡಿ ಹಾಕಿ ಸೇರಿಸುತ್ತಾರೆ. ಈ ಸೀರೆಯ ವಿಶೇಷವೇ ಅದು. ಆದರೆ ಚೌಕಟ್ಟು ಅದೇ, ಬೆಳಕು ಅದೇ. ಕೊಂಡಿ ಮುಗಿದು ನೇಯ್ಗೆ ಶುರುವಾದದ್ದು ಸಾಫ್ಟ್‌ವೇರ್‌ಗೆ ಗೊತ್ತಾಗಲ್ಲ, ನೇಕಾರರಿಗೆ ಗೊತ್ತಾಗುತ್ತೆ. ಅಂಥದ್ದನ್ನ ಬಲ್ಲವರ ಪಕ್ಕ ಕೂತೇ ಕತ್ತರಿಸಬೇಕು.

ಕತ್ತರಿಸುವುದು

ಟೈಮ್‌ಲೈನ್‌ನಲ್ಲಿ ಬ್ಲೇಡ್ ಹೊಡೆದರೆ ಫೈಲ್ ತುಂಡಾಗಲ್ಲ, ಬರೀ ಗುರುತು ಬೀಳುತ್ತೆ. ರಿಸಾಲ್ವ್‌ನ ಡೆಲಿವರ್ ಪುಟದಲ್ಲಿ 'ಇಂಡಿವಿಜುವಲ್ ಕ್ಲಿಪ್ಸ್' ಆರಿಸಿದರೆ ಬೇರೆ ಬೇರೆ ಫೈಲ್ ಬರುತ್ತೆ. ಆದರೆ ಹೀಗೆ ಮಾಡಿದಾಗ ವಿಡಿಯೋ ಮತ್ತೆ ಎನ್‌ಕೋಡ್ ಆಗಿ, ಮೊದಲೇ ಮಸುಕಾಗಿರೋ ವಿಎಚ್‌ಎಸ್ ಚಿತ್ರ ಇನ್ನಷ್ಟು ಕೆಡಬಹುದು.

ಎನ್‌ಕೋಡ್ ಬೇಡ ಅಂದರೆ ಲಾಸ್‌ಲೆಸ್‌ಕಟ್ ಅನ್ನೋ ಸಾಫ್ಟ್‌ವೇರ್ ಬಳಸಿ. 'ಐ' ಒತ್ತಿದರೆ ಶುರು, 'ಓ' ಒತ್ತಿದರೆ ಕೊನೆ, ಆಮೇಲೆ ಎಕ್ಸ್‌ಪೋರ್ಟ್. ಒಂದೇ ಷರತ್ತು, ಶುರು ಕೀಫ್ರೇಮ್ ಇದ್ದಲ್ಲೇ ಆಗಬೇಕು. ಎಚ್.264ನಲ್ಲಿ ಪ್ರತಿ ಫ್ರೇಮ್ ಪೂರ್ತಿ ಇರಲ್ಲ. ಲ್ಯಾಬ್ ರೆಕಾರ್ಡ್‌ನಲ್ಲಿ ಮೊದಲ ಸರ್ಕ್ಯೂಟ್ ಪೂರ್ತಿ ಬರೆದು, ಮುಂದೆ 'ಮೇಲಿನ ಹಾಗೇ, ರೆಸಿಸ್ಟರ್ ಮಾತ್ರ ಬೇರೆ' ಅಂತ ಬರೆದ ಹಾಗೆ ಅದು. ಪೂರ್ತಿ ಬರೆದ ಪುಟವೇ ಕೀಫ್ರೇಮ್. ಅದಿಲ್ಲದೆ ನಡುವಿನಿಂದ ಶುರು ಮಾಡಿದರೆ ಅರ್ಥ ಆಗಲ್ಲ. ಕೆಲವು ಫೈಲ್‌ಗಳಲ್ಲಿ ಕೀಫ್ರೇಮ್ 250 ಫ್ರೇಮಿಗೊಂದು, ಅಂದ್ರೆ ನಮ್ಮ ಪಾಲ್ ವಿಡಿಯೋದಲ್ಲಿ 10 ಸೆಕೆಂಡಿಗೊಂದು ಇರಬಹುದು. ಆದ್ದರಿಂದ ಬೇಕಾದ ಜಾಗಕ್ಕಿಂತ ಸ್ವಲ್ಪ ಹಿಂದಿನಿಂದಲೇ ಶುರು ಮಾಡಿ. ಕ್ಯಾಪ್ಚರ್ ಮಾಡೋ ಮೊದಲೇ ಕೀಫ್ರೇಮ್ ಅಂತರ 1 ಸೆಕೆಂಡ್ ಇಟ್ಟರೆ ಈ ತಾಪತ್ರಯ ಇಲ್ಲ. ಡಿವಿ ಫೈಲ್‌ನಲ್ಲಿ ಪ್ರತಿ ಫ್ರೇಮೂ ಪೂರ್ತಿ ಇರೋದರಿಂದ ಎಲ್ಲಿ ಬೇಕಾದರೂ ಕತ್ತರಿಸಬಹುದು.

ಹೆಸರು ಇಡುವುದು

'ಕ್ಲಿಪ್ 17' ಅಂದರೆ ಯಾರಿಗೂ ತಿಳಿಯಲ್ಲ. ವರ್ಷ, ಊರು, ವಿಷಯ, ಸಂಖ್ಯೆ ಈ ಕ್ರಮದಲ್ಲಿ ಬರೆಯಿರಿ: '1996-ಬಾಗಲಕೋಟೆ-ಮೆರವಣಿಗೆ-01'. ವರ್ಷ ಮೊದಲಿದ್ದರೆ ಫೋಲ್ಡರ್‌ನಲ್ಲಿ ತಾನೇ ಸಾಲಾಗಿ ನಿಲ್ಲುತ್ತೆ. ಜೊತೆಗೆ ಒಂದು ಸ್ಪ್ರೆಡ್‌ಶೀಟ್ ಇಟ್ಟು, ಯಾವ ಓಣಿ, ಯಾರ ಮನೆ, ಕಟ್ಟೆ ಮೇಲೆ ಕೂತವರು ಯಾರು ಅಂತ ತುಂಬಿ. ಆ ಕಾಲಂ ನಮ್ಮಿಂದ ತುಂಬೋದು ಆಗಲ್ಲ, ಅಜ್ಜ-ಅಜ್ಜಿ ಬೇಕು. ಮೂರು ತಾಸು ಕೂಡಿಸಿದರೆ ಅವರಿಗೂ ಬೇಸರ. ಎರಡು ನಿಮಿಷದ ತುಂಡನ್ನ ಮೊಬೈಲ್‌ನಲ್ಲಿ ತೋರಿಸಿ, ಒಂದೊಂದೇ ಹೆಸರು ಹೇಳ್ತಾ ಹೋಗ್ತಾರೆ.

ಕೊನೆಯ ಮಾತು: ತುಂಡು ಮಾಡಿದಮೇಲೆ ಮೂಲ ಫೈಲ್ ಅಳಿಸಬೇಡಿ. ಅದನ್ನ ಎರಡು ಡಿಸ್ಕ್‌ನಲ್ಲಿ ಇಡಿ. ಇವತ್ತು ನಮಗೆ ಬೇಡ ಅನ್ನಿಸಿದ ಭಾಗದಲ್ಲೇ ನಾಳೆ ಇನ್ನೊಬ್ಬರು ತಮ್ಮ ಮನೆ ಹುಡುಕಬಹುದು. ಕ್ಯಾಸೆಟ್ಟಿಗೆ ಬೂಸ್ಟು ಹಿಡಿಯುತ್ತೆ, ವಿಸಿಆರ್ ರಿಪೇರಿ ಮಾಡೋರು ಕಡಿಮೆ ಆಗಿದ್ದಾರೆ. ಈ ರಜೆಯಲ್ಲಿ ಊರಿಗೆ ಹೋದಾಗ ತಿಜೋರಿ ಒಮ್ಮೆ ತೆಗೆದು ನೋಡ್ರಿ.